ಟಿ.ವಿ.ಯೊಳಗಿನ ಎಡಗೈ

ಮೊನ್ನೆ ನಮ್ಮ ಯಜಮಾನರ ಮಂಡಿನೋವಿಗೆಂದು ಎಳ್ಳೆಣ್ಣೆಗೆ ಬೆಳ್ಳುಳ್ಳಿ, ಓಂಕಾಳು ಹಾಕಿ ಕಾಯಿಸುತ್ತಿದ್ದೆ. ಅದರ ಘಾಟು ಅಡುಗೆಮನೆ ತುಂಬಿದ್ದೇ ತಡ, ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಎದುರುಮನೆ ಅಮ್ಮನ ಮನೆಯ ವಾಸನೆ ಅದು...

ತುಮಕೂರಿನಲ್ಲಿ ನಾವು ಬಾಡಿಗೆಗಿದ್ದಾಗ ಅವರದು ನಮ್ಮ ಎದುರಿನ ಮನೆ. ಗುಬ್ಬಿ ಕಡೆಯವರು. ಮಗ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ದಿನಾ ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಆ ಅಮ್ಮ ತೊಟ್ಟು ನೀರೂ ಕುಡಿದವರಲ್ಲ. ಲಿಂಗದಲ್ಲಿ ಕಣ್ಣು ನೆಟ್ಟು ಕೂರುವುದನ್ನು ನನಗೆ ಸರಿಯಾಗಿ ಹೇಳಿಕೊಟ್ಟವರೂ ಅವರೇ. ಅಂಥವರಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಕಾಲು ಎಳೆದುಕೊಂಡಾದರೂ ನಡೆಯುವಂತಾಯಿತು. ಅಷ್ಟಾದರೂ ಬಿಟ್ಟನಲ್ಲ ಶಿವ ಎಂದು ಕೈಮುಗಿದೆ. ಹೋಗಿದ್ದು ಎಡಗೈ. ತೋಳು ಜೋತುಬಿತ್ತು, ಬೆರಳುಗಳು ಮುಷ್ಟಿ ಕಟ್ಟಿಕೊಂಡುಬಿಟ್ಟವು.

ಮಠದ ಅಯ್ಯನವರು ಬಂದು, ಲಿಂಗವನ್ನು ಮಣೆಯ ಮೇಲಿಟ್ಟೇ ಪೂಜೆ ಮಾಡಬಹುದು, ತಪ್ಪೇನಿಲ್ಲ ಎಂದರು. ಅಮ್ಮ ತಲೆಯಾಡಿಸಿದರು. ಅವರು ಅತ್ತ ಹೋದಮೇಲೆ ನನ್ನ ಹತ್ತಿರ, “ಮಣೆ ಮೇಲಿದ್ರೆ ಅದು ಗುಡಿ ದೇವ್ರು ಕಣೇ. ಅಂಗೈಲಿದ್ರೆ ತಾನೆ ನಂದು?” ಅಂದರು.

ಕೈಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದಾಕೆ ಹೇಳಿದಳೆಂದು ಮಗ ಯಾರ ಬಳಿಯಿಂದಲೋ ಒಂದು ಆಟದ ಪೆಟ್ಟಿಗೆ ತಂದ. ಟಿ.ವಿ. ಕೆಳಗೆ ಉದ್ದನೆಯ ಕರಿ ಕ್ಯಾಮೆರಾ. ಅದರ ಮುಂದೆ ನಿಂತು ನಾವು ಕೈ ಎತ್ತಿದರೆ ಟಿ.ವಿ.ಯೊಳಗಿನ ಗೊಂಬೆಯೂ ಕೈ ಎತ್ತುತ್ತದೆ. ಮೇಲಿನಿಂದ ಇಳಿಯುವ ಬಲೂನುಗಳನ್ನು ಮುಟ್ಟಿ ಒಡೆಯಬೇಕು. ಮೊದಲ ದಿನ ಗೊಂಬೆ ಏಳಲೇ ಇಲ್ಲ.

“ಅಮ್ಮಾ, ಸೀರೆ ಉಟ್ರೆ ಅದಕ್ಕೆ ಕಾಲು ಕಾಣಲ್ಲ ಕಣಮ್ಮ. ನನ್ ಪೈಜಾಮ ಹಾಕ್ಕೋ,” ಅಂದ ಮಗ.

“ಕಾಣದಿದ್ರೆ ಒಳ್ಳೇದೇ ಆಯ್ತು ಬುಡು! ನನ್ ಕಾಲ್ ನೋಡಕ್ಕೆ ಅವ್ನ್ಯಾವನ್ಲಾ?”

ಆದರೆ ಮರುದಿನ ಹೋಗಿ ನೋಡುತ್ತೇನೆ, ಮಗನ ಪೈಜಾಮ, ಷರಟು ತೊಟ್ಟು, ಹಣೆ ತುಂಬ ವಿಭೂತಿ ಇಟ್ಟುಕೊಂಡು ನಿಂತಿದ್ದಾರೆ! “ಬಾಗ್ಲು ಹಾಕ್ಕೊಂಡ್ ಬಾರೇ. ಬೀದೀಲಿ ಯಾರ್ಗಾದ್ರೂ ಹೇಳ್ದೋ, ಅಷ್ಟೇ ಮತ್ತೆ!”

ಅಲ್ಲಿಂದ ಮಧ್ಯಾಹ್ನಗಳೆಲ್ಲ ಅದೇ... ನಾನು ಆ ಬೆಳ್ಳುಳ್ಳಿ ಎಣ್ಣೆ ಹಚ್ಚಿ ತೋಳು, ಬೆರಳು ನೀವುತ್ತಿದ್ದೆ, ಆಮೇಲೆ ಆಟ. ತೋಳು ನಿಧಾನಕ್ಕೆ ಏಳತೊಡಗಿತು. ಸೊಂಟದ ಮಟ್ಟಕ್ಕೆ, ಆಮೇಲೆ ಎದೆಯ ಮಟ್ಟಕ್ಕೆ. ಬಲೂನು ಒಡೆದಾಗಲೆಲ್ಲ “ಶಿವಾ!” ಅನ್ನುತ್ತಿದ್ದರು. ತಪ್ಪಿಸಿಕೊಂಡರೆ ಬಲೂನಿಗೇ ಬೈಗುಳ: “ಎಲ್ಲೋಯ್ತಿಯಾ, ಬಾರ್ಲಾ ಇಲ್ಲಿ!” ಒಲೆಯ ಮೇಲೆ ಸಾರಿಟ್ಟು ಬಂದದ್ದನ್ನೂ ಮರೆತು ನಾನು ನಿಂತುಬಿಡುತ್ತಿದ್ದೆ.

ಒಂದು ಸೋಮವಾರ ಕೈ ಭುಜದ ಮಟ್ಟ ಮುಟ್ಟಿತು. ಟಿ.ವಿ.ಯಲ್ಲಿ ಗೊಂಬೆ ಎಡಗೈ ಚಾಚಿ ನಿಂತಿತ್ತು, ಐದೂ ಬೆರಳು ಬಿಡಿಸಿಕೊಂಡು. ಅಮ್ಮನ ಕಣ್ಣು ಅದರ ಮೇಲೇ.

“ನೋಡೇ... ಬಿಚ್ಕೊಂಡೈತೆ! ಅಂಗೈ ಬಿಚ್ಕೊಂಡೈತೆ ಕಣೇ!”

ನಾನು ಅವರ ಕೈ ನೋಡಿದೆ. ಮುಷ್ಟಿ ಹಾಗೇ ಇತ್ತು. ಆ ಕ್ಯಾಮೆರಾಗೆ ತೋಳು ಕಾಣುತ್ತಿತ್ತೇ ಹೊರತು ಬೆರಳು ಕಾಣುತ್ತಿರಲಿಲ್ಲ. ಯಾರು ನಿಂತರೂ ಗೊಂಬೆಯ ಅಂಗೈ ತೆರೆದೇ ಇರುತ್ತಿತ್ತು. ಬೆರಳುಗಳಲ್ಲಿ ಸ್ಪರ್ಶವೇ ಇಲ್ಲದ ಅಮ್ಮನಿಗೆ ಅದು ಗೊತ್ತಾಗುವುದಾದರೂ ಹೇಗೆ? ನಾನು ಬಾಯಿ ಬಿಡುವಷ್ಟರಲ್ಲಿ ಅವರು ಬಲಗೈಯಿಂದ ಕೊರಳಿನ ಲಿಂಗ ತೆಗೆದು, ಟಿ.ವಿ.ಯಿಂದ ಕಣ್ಣು ಕೀಳದೆ, ಎಡಗೈಯ ಮೇಲಿಟ್ಟರು. ಅದು ಮುಷ್ಟಿಯ ಗೆಣ್ಣುಗಳ ಮೇಲೆ ಒಂದು ಕ್ಷಣ ಕೂತು ಜಾರಿತು. ಬಲಗೈಯಲ್ಲೇ ಎದೆಗವಚಿ ಹಿಡಿದುಕೊಂಡರು. ನೆಲಕ್ಕೆ ಬೀಳಲಿಲ್ಲ, ಅಷ್ಟು ಕಾಪಾಡಿದ ಶಿವ. ಆಗ ಅವರು ತಮ್ಮ ಕೈ ನೋಡಿಕೊಂಡರು.

“ಆರಿಸ್ಬುಡೇ ಅದ್ನ,” ಅಂದರು.

ಮತ್ತೆ ಅದರ ಮುಂದೆ ನಿಲ್ಲಲಿಲ್ಲ. ಮಗ ಗೋಗರೆದ. ತೋಳಾದರೂ ಬಂತಲ್ಲಮ್ಮ ಎಂದು ನಾನೂ ಹೇಳಿದೆ. “ತೋಳು ತಗೊಂಡು ಏನ್ ಮಾಡ್ಲೇ?” ಎಂದು ಕೇಳಿದರು. ಎದ್ದಿದ್ದ ತೋಳೂ ಬರಬರುತ್ತಾ ಕೆಳಗಿಳಿಯಿತು. ಮಣೆಯ ಮೇಲೆ ಪೂಜೆ ನಡೆಯುತ್ತಿತ್ತು. ಅವರ ಕಣ್ಣು ಮಾತ್ರ ಇನ್ನೆಲ್ಲೋ ಇರುತ್ತಿತ್ತು.

ಎರಡನೇ ಸಲ ಲಕ್ವ ಹೊಡೆದಾಗ ಉಳಿಯಲಿಲ್ಲ. ಗುಬ್ಬಿ ಹತ್ತಿರದ ಅವರ ಹೊಲದಲ್ಲಿ, ನಮ್ಮಲ್ಲಿ ಮಾಡುವಂತೆ, ಕೂರಿಸಿ ಮಣ್ಣು ಮಾಡಿದರು. ಅದಕ್ಕೆ ಮುಂಚೆ ಲಿಂಗವನ್ನು ಎಡ ಅಂಗೈಯಲ್ಲಿಡಬೇಕು. ಅಯ್ಯನವರು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ನಾನು ಅಷ್ಟು ನೀವಿದರೂ ಬಿಚ್ಚದ ಬೆರಳುಗಳು ಅವರ ಕೈಗೆ ಬಿಟ್ಟುಕೊಟ್ಟವು... ಲಿಂಗ ಅಂಗೈಯಲ್ಲಿ ಕೂತಿತು.

“ಪುಣ್ಯವಂತೆ ಕಣಮ್ಮಿ, ಕೊನೇಗೂ ಕೈಗೆ ಬಂತು,” ಅಂದಳು ಪಕ್ಕದಲ್ಲಿದ್ದ ಹೆಂಗಸು. ನನಗೆ ಹಾಗನ್ನಿಸಲಿಲ್ಲ. ನೋಡಲು ಅವರೇ ಇರಲಿಲ್ಲವಲ್ಲ.

ಈಗ ನಾವು ಕುಣಿಗಲ್‌ನಲ್ಲಿದ್ದೇವೆ. ಸೋರದ ಸೂರಿದೆ, ಹೊತ್ತಿಗೆ ಸರಿಯಾಗಿ ಊಟವಿದೆ, ಹೇಳಿದ ಹಾಗೆ ಕೇಳುವ ಬೆರಳುಗಳಿವೆ. ಇಲ್ಲವೆನ್ನಲಾರೆ. ಬೆಳಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಾಗ ಎಲ್ಲಕ್ಕೂ ಶರಣು ಹೇಳಿ, ಆಮೇಲೆ ಕೇಳುತ್ತೇನೆ: ನನಗೆ ಕೊಟ್ಟಿದ್ದನ್ನು ಅವರಿಗೆ ಒಂದೇ ಒಂದು ಬೆಳಗಿನ ಮಟ್ಟಿಗಾದರೂ ಯಾಕೆ ಕೊಡಲಿಲ್ಲ? ಉತ್ತರ ಬಂದಿಲ್ಲ. ಬರುತ್ತದೆಂಬ ಆಸೆಯೂ ಈಗ ಇಲ್ಲ.