ಬಾಂಡ್ಲಿ ನನ್ನದು, ಕಜ್ಜಾಯ ಅವರದು

ಈ ದೀಪಾವಳಿಗೆ ಕಜ್ಜಾಯ ತಟ್ಟಿ ಎಣ್ಣೆಗೆ ಬಿಟ್ಟಾಗ, ಬೆಲ್ಲದ ಪಾಕ ಕೆಂಪಾಗುವ ಆ ವಾಸನೆ ಎದ್ದಿತು. ಹಿತ್ತಿಲ ಬಾಗಿಲ ಕಡೆ ತಿರುಗಿ ನೋಡಿದೆ... ಯಾರೂ ಇರಲಿಲ್ಲ.

ಗುಂಡ್ಲುಪೇಟೆಯಲ್ಲಿ ನಾನು ಜೀವಶಾಸ್ತ್ರ ಹೇಳುತ್ತಿದ್ದ ಪಿಯು ಕಾಲೇಜಿಗೇ ಚಾಮರಾಜನಗರದಿಂದ ವರ್ಗವಾಗಿ ಬಂದು, ಪಕ್ಕದ ಮನೆಯನ್ನೇ ಬಾಡಿಗೆಗೆ ಹಿಡಿದಿದ್ದರು ಜೀವಶಾಸ್ತ್ರದ ಇನ್ನೊಬ್ಬ ಮೇಡಂ. ಒಬ್ಬರ ಮನೆಯಲ್ಲಿ ಎಣ್ಣೆ ಕಾದರೆ ಅಕ್ಕಪಕ್ಕದವರೂ ಹಿಟ್ಟು ತಂದು ಅದರಲ್ಲೇ ಬೇಯಿಸಿಕೊಳ್ಳುವುದು ನಮ್ಮ ಬೀದಿಯ ರೂಢಿ. "ಅಕ್ಕಾ, ಎಣ್ಣೆ ಕಾದದಾ? ನಂದೂ ನಾಕು ಬೇಯಿಸ್ಕಂಡು ಹೋಯ್ತೀನಿ" ಎಂದು ಮೇಡಂ ಹಬ್ಬ ಹಬ್ಬಕ್ಕೂ ಹಿಟ್ಟಿನ ಬಟ್ಟಲು ಹಿಡಿದು ಹಿತ್ತಿಲ ಬಾಗಿಲಿಂದ ಬರುತ್ತಿದ್ದರು. ನಾಕು ಎಂದರೆ ಬುಟ್ಟಿ ತುಂಬ.

ಚಿಕೂನ್‌ಗುನ್ಯಾ ಊರನ್ನೆಲ್ಲ ಕುಂಟಿಸಿದ ವರ್ಷ ಮಕ್ಕಳಿಗೆ ವೈರಸ್ಸಿನದೇ ಪ್ರಶ್ನೆ. ನಾನು ಬೋರ್ಡಿನ ತುಂಬ ಜೀವಕೋಶ ಬರೆದು ಗಂಟಲು ಹರಿದುಕೊಂಡೆ; ಮಕ್ಕಳು ಆಕಳಿಸಿದರು. ಪಕ್ಕದ ಸೆಕ್ಷನ್ನಿನಲ್ಲಿ ಮೇಡಂ ಬೋರ್ಡು ಮುಟ್ಟಲೇ ಇಲ್ಲವಂತೆ. ವೈರಸ್ಸಿಗೆ ಸ್ವಂತ ಅಡುಗೆಮನೆ ಇಲ್ಲ, ಕೈಯಲ್ಲಿ ಹಿಟ್ಟು ಮಾತ್ರ. ಜೀವಕೋಶಕ್ಕೆ ನುಗ್ಗಿ, ಅದರ ಕೊಬ್ಬಿನ ಪೊರೆಯಲ್ಲೇ ಗೂಡು ಕಟ್ಟಿಕೊಂಡು, ತನ್ನಂಥವನ್ನೇ ಮಾಡಿ ಮಾಡಿ ತೆಗೆಯುತ್ತದೆ, ಪಕ್ಕದ ಮನೆ ಎಣ್ಣೆಯಲ್ಲಿ ಕಜ್ಜಾಯ ಬೇಯಿಸಿಕೊಂಡ ಹಾಗೆ ಎಂದರಂತೆ. ಕಾಲೇಜಿನಲ್ಲೆಲ್ಲ ಅದೇ ಮಾತು. ನನಗೆ ಮೈಯೆಲ್ಲ ಉರಿಯಿತು. ಎಣ್ಣೆ ನನ್ನದು, ಬಾಂಡ್ಲಿ ನನ್ನದು, ಹೆಸರು ಮಾತ್ರ ಇವರಿಗೆ!

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ನನ್ನ ತರಗತಿಯಲ್ಲೇ ಕೂರುತ್ತಿದ್ದ ನನ್ನ ಮಗಳು, "ಅವ್ವ, ನಾನು ಮೇಡಂ ಸೆಕ್ಷನ್‌ಗೆ ಹೋಯ್ತೀನಿ ಕಣವ್ವ" ಎಂದುಬಿಟ್ಟಳು. ಹೆತ್ತವಳು ನಾನು... ಸಂಜೆಯಾದರೆ ಅವಳು ಅವರ ಜಗಲಿಯ ಮೇಲೆ. ಇಬ್ಬರ ನಗು ನನ್ನ ಅಡುಗೆಮನೆವರೆಗೆ ಕೇಳುತ್ತಿತ್ತು.

ಆ ದೀಪಾವಳಿಗೆ ಬೇಕೆಂದೇ ಬಾಂಡ್ಲಿ ಇಡಲಿಲ್ಲ. ಬಟ್ಟಲು ಹಿಡಿದು ಬಂದ ಮೇಡಂಗೆ ಗ್ಯಾಸ್ ಮುಗಿದಿದೆ ಎಂದೆ. ನಿಜ ಗೊತ್ತಿದ್ದ ಮಗಳು ತಣ್ಣಗಿದ್ದ ಒಲೆ ನೋಡುತ್ತ, ಹೀಗೆ ಎಣ್ಣೆಯನ್ನೇ ಇಡದಿದ್ದರೆ ವೈರಸ್ ಸಾಯುತ್ತದಾ ಎಂದು ಅವರನ್ನೇ ಕೇಳಿದಳು.

"ಸಾಯ್ತದೆ ಕಣಮ್ಮಿ. ಆದ್ರೆ ಮನೆಯವ್ರಿಗೂ ಕಜ್ಜಾಯ ಇರಲ್ಲ."

ನನ್ನ ಮುಖ ನೋಡದೆ ಬಟ್ಟಲು ಎತ್ತಿಕೊಂಡು ಹೋದರು. ಮತ್ತೆಂದೂ ಹಿಟ್ಟು ತರಲಿಲ್ಲ. ಮರುವರ್ಷ ವರ್ಗ ಮಾಡಿಸಿಕೊಂಡು ಚಾಮರಾಜನಗರಕ್ಕೇ ಹಿಂದಿರುಗಿದರು. ಮಗಳು ಭಾನುವಾರಗಳಂದು ಬಸ್ಸು ಹತ್ತಿ ಅಲ್ಲಿಗೂ ಹೋಗುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಮೇಡಂ ತೀರಿಕೊಂಡರು. ಫೋನಿನಲ್ಲಿ ಸುದ್ದಿ ಹೇಳುತ್ತಾ ಮಗಳು ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಆಪರೇಷನ್ನಿಗೂ ಅವಳು ಅಷ್ಟು ಅತ್ತಿರಲಿಲ್ಲ. ಆಗಲೂ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಹೊಟ್ಟೆಕಿಚ್ಚು ಪಡುವುದಕ್ಕಾದರೂ ಅವರು ಇರಬೇಕಿತ್ತು... ಈ ಸಲ ಎಣ್ಣೆ ಜಾಸ್ತಿಯೇ ಇಟ್ಟಿದ್ದೆ. ನನ್ನ ಕಜ್ಜಾಯವೆಲ್ಲ ಬೆಂದು ಮುಗಿದ ಮೇಲೂ, ಬಹಳ ಹೊತ್ತು ಒಲೆ ಆರಿಸಲಿಲ್ಲ.