ನೀರು ನೋಡದೆ ಲೂರ್ ಕೊಡದವನು

ಸೀಸೆಯಣ್ಣನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆವತ್ತು ಅಂಗಡಿಯಲ್ಲಿ ಅಷ್ಟು ಜನರೆದುರು ನಾನು ಬಾಯಿಗೆ ಬಂದಂತೆ ಬೈಯುವಾಗ ಅವನು ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡ. ಬೈದದ್ದು ನಾನು, ಒಪ್ಪಿದೆ. ಆದರೆ ಬೈಸಿಕೊಳ್ಳುವವನಿಗೂ ಒಂದಿಷ್ಟು ಜವಾಬ್ದಾರಿ ಬೇಡವೇ?

ಅವನ ನಿಜವಾದ ಹೆಸರು ಅಂಗಡಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಊರಿಗೆ ಕುಡಿಯುವ ನೀರು ಶುದ್ಧ ಮಾಡಿ ಬಿಡುವ ಘಟಕದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ಸಾಲಾಗಿ ಇಟ್ಟ ಗಾಜಿನ ಜಾಡಿಗಳಲ್ಲಿ ನೀರು ತುಂಬಿ, ಪಟಿಕ ಹಾಕಿ, ಕಲಕಿ, ಮಣ್ಣು ಎಷ್ಟು ಹೊತ್ತಿಗೆ ತಳ ಸೇರುತ್ತದೆ ಎಂದು ನೋಡುತ್ತ ಕೂರುವುದೇ ಅವನ ಉದ್ಯೋಗ. ನಿವೃತ್ತನಾಗಿ ಮನೆ ಸೇರಿದ ಮೂರನೆಯ ದಿನಕ್ಕೆ ಹೆಂಡತಿ ಕೈಮುಗಿದಳಂತೆ: "ಎಲ್ಲಿಗಾದ್ರೂ ಹೋಗ್ರೀ, ಪುಣ್ಯ ಬರತ್ತೆ. ನನ್ನ ಅಡುಗೆಮನೆ ಡಬ್ಬಿಗಳ ಮುಚ್ಚಳ ತೆಗೆದು ತೆಗೆದು ಮೂಸಬೇಡಿ." ಹಾಗಾಗಿ ಅವನು ಟೈರ್ ಅಂಗಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಇರುವ ಗಾಳದ ಸಾಮಾನಿನ ಅಂಗಡಿಗೆ ಬಂದು ಸೇರಿಕೊಂಡ. ಸಂಬಳ ಹೆಸರಿಗೆ ಮಾತ್ರ. ಬೆಳಿಗ್ಗೆ ಎದ್ದು ಹೋಗಲು ಒಂದು ಬಾಗಿಲು ಬೇಕಿತ್ತು ಅವನಿಗೆ.

ಆ ಅಂಗಡಿಯಲ್ಲಿ ಲೂರ್ ಮಾರುತ್ತಾರೆ. ಲೂರ್ ಅಂದರೆ ಸುಳ್ಳು ಮೀನು. ಮರದ್ದು, ರಬ್ಬರಿನದು, ಪ್ಲಾಸ್ಟಿಕ್ಕಿನದು. ಹೊಟ್ಟೆಯ ಕೆಳಗೆ ಕೊಕ್ಕೆ, ಕೆಲವಕ್ಕೆ ಬಾಲದಲ್ಲಿ ಗಿರಗಿರ ತಿರುಗುವ ತಗಡು. ಬಾಸ್ ಮೀನು ಅದನ್ನು ನಿಜವೆಂದು ನಂಬಿ ಬಾಯಿ ಹಾಕಬೇಕು. ಬಾಸ್ ಎಂಬುದು ಅನುಮಾನದ ಪ್ರಾಣಿ. ಇವತ್ತು ಬಾಯಿ ಹಾಕಿದ ಬಣ್ಣವನ್ನು ನಾಳೆ ತಿರುಗಿಯೂ ನೋಡುವುದಿಲ್ಲ. ಗೋಡೆಯ ತುಂಬ ನೂರಾರು ಬಣ್ಣದ ಲೂರ್‌ಗಳು ನೇತಾಡುತ್ತಿದ್ದರೂ ಸೀಸೆಯಣ್ಣ ಸುಲಭವಾಗಿ ಒಂದನ್ನೂ ಇಳಿಸುತ್ತಿರಲಿಲ್ಲ. ಮೊದಲು ಕೇಳುತ್ತಿದ್ದ: "ನೀರು ತಂದಿದ್ದೀರಾ?"

ಎಲ್ಲಿ ಗಾಳ ಹಾಕುತ್ತೀರೋ ಅಲ್ಲಿಯ ನೀರನ್ನೇ ಒಂದು ಸೀಸೆಯಲ್ಲಿ ತುಂಬಿ ತರಬೇಕು. ಅವನು ಅದರ ಮುಚ್ಚಳ ತೆಗೆದು ಮೂಸಿ, ಅಲ್ಲಾಡಿಸಿ, ಪೂರ್ವದ ಕಿಟಕಿಯಲ್ಲಿಟ್ಟ ದೊಡ್ಡ ಗಾಜಿನ ಜಾಡಿಗೆ ಸುರಿಯುತ್ತಿದ್ದ. ಆಮೇಲೆ ಒಂದೊಂದೇ ಲೂರನ್ನು ದಾರದಲ್ಲಿ ಕಟ್ಟಿ ಆ ನೀರಿನಲ್ಲಿ ಇಳಿಬಿಟ್ಟು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ನೀರು ತಿಳಿಯಾಗಿದ್ದು ಬಿಸಿಲಿದ್ದರೆ ಸಣ್ಣದು, ಅರ್ಧ ಪಾರದರ್ಶಕದ್ದು, ಬೆನ್ನು ತುಸು ಹಸಿರು, ಹೊಟ್ಟೆ ಬೆಳ್ಳಿ. ಮೋಡ ಕವಿದಿದ್ದರೆ ಬೆಳ್ಳಿಯ ತಗಡಿನ ಬದಲು ಚಿನ್ನದ ಬಣ್ಣದ್ದು. ಬೆಳಗಿನ ಜಾವ ನೀರು ಅಲುಗಾಡದೆ ಮಲಗಿದ್ದರೆ ಮೇಲೆಯೇ ತೇಲುತ್ತ ಗುಳುಗುಳು ಸದ್ದು ಮಾಡುವಂಥದು. ಚಳಿಗೆ ಮೀನು ಸೋಮಾರಿಯಾದಾಗ ರಬ್ಬರಿನ ಹುಳು, ತಳದಲ್ಲಿ ಮೆಲ್ಲಗೆ ಎಳೆಯಬೇಕು. ನೀರು ಕೆಸರಾಗಿದ್ದರೆ ಕಪ್ಪು.

"ಕೆಸರಲ್ಲಿ ಕಪ್ಪು ಕಾಣತ್ತಾ?" ಎಂದು ನಾನು ಮೊದಲ ದಿನವೇ ಜಗಳ ತೆಗೆದಿದ್ದೆ. ನಾನು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನು. ಓದಿದ್ದು ಐದನೆಯ ತರಗತಿ. ಆದರೆ ಹತ್ತು ವರ್ಷ ಬಿಸಿಲಲ್ಲಿ ಮಾಸಿದ ಕಾರಿನ ಬಾಗಿಲಿಗೂ ಅದೇ ಬಣ್ಣ ಕಲಸಿ ಕೊಡಬಲ್ಲೆ. ಬಣ್ಣದ ವಿಷಯದಲ್ಲಿ ನನಗೆ ಪಾಠ ಹೇಳಲು ಬಂದರೆ ಮೈ ಉರಿಯುತ್ತದೆ.

"ಕಪ್ಪಿನ ಅಂಚು ಗಟ್ಟಿ ಪೇಂಟ್ರೇ. ಮಬ್ಬಲ್ಲಿ ಅಂಚೇ ಕಾಣೋದು, ಬಣ್ಣ ಅಲ್ಲ. ಹಿಂದೆ ತಗಡು ಗಡಗಡ ಅಂದ್ರೆ ಆ ನಡುಕ ಮೀನಿಗೆ ಪಕ್ಕೆಯಲ್ಲೇ ಗೊತ್ತಾಗತ್ತೆ."

"ಹಾಗಾದ್ರೆ ಕೆಂಪು ಕೊಡಿ. ಕೆಂಪು ಎಲ್ಲಿದ್ರೂ ಕೆಂಪೇ."

"ನಾಲ್ಕಾಳು ಆಳಕ್ಕೆ ಹೋದ್ರೆ ಕೆಂಪು ಕೆಂಪಾಗಿ ಉಳಿಯಲ್ಲ. ನೀವು ಬಣ್ಣ ಹೊಡೆಯೋದು ಕಾರಿಗೆ. ಕಾರು ನೀರಲ್ಲಿ ಓಡತ್ತಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಗಬೇಕಾಯಿತು. ಅವತ್ತಿನಿಂದ ಪ್ರತಿ ಭಾನುವಾರ ಸೀಸೆ ಹಿಡಿದು ಹೋಗುವುದು ರೂಢಿಯಾಯಿತು.

ಆದರೆ ಸೀಸೆ ತಾರದೆ ಬಂದವರನ್ನು ಅವನು ಬರಿಗೈಯಲ್ಲಿ ವಾಪಸ್ ಕಳಿಸುತ್ತಿದ್ದನಲ್ಲ, ಅದು ಅಂಗಡಿಯ ಯಜಮಾನಮ್ಮನಿಗೆ ಹೊಟ್ಟೆಗೆ ಹೊಡೆದಂತಾಗುತ್ತಿತ್ತು. ಕೆಟ್ಟವಳಲ್ಲ ಆಕೆ; ಬಾಡಿಗೆ ಕಟ್ಟುವವಳು. ಒಂದು ದಿನ ನಾನು ನಿಂತಿದ್ದಾಗಲೇ ಹೇಳಿದಳು: "ಅಣ್ಣಾ, ಬೇಜಾರು ಮಾಡ್ಕೋಬೇಡಿ. ಇನ್ನೊಬ್ಬ ಗಿರಾಕಿ ನಿಮ್ಮಿಂದ ಮುಖ ಊದಿಸ್ಕೊಂಡು ಹೋದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗತ್ತೆ."

ಜಾಡಿ ಒರೆಸುತ್ತಿದ್ದ ಅವನ ಕೈ ಅಲ್ಲೇ ನಿಂತಿತು. "ಆಯ್ತಮ್ಮ" ಎಂದ. ಇದನ್ನು ನಾನು ಕಣ್ಣಾರೆ ಕಂಡೆ. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಅದಾಗಿ ಎರಡು ವಾರಕ್ಕೆ ನನಗೂ ನನ್ನ ಬಾಮೈದನಿಗೂ ಪಂದ್ಯ ಬಿತ್ತು. ಬಾಮೈದ, ಅಂದರೆ ನನ್ನ ಹೆಂಡತಿಯ ತಮ್ಮ, ಬಸ್ ಕಂಡಕ್ಟರು. ಊರೆಲ್ಲ ಸುತ್ತುವವನು, ಬಾಯಿ ಅದಕ್ಕಿಂತ ಹೆಚ್ಚು ಸುತ್ತುತ್ತದೆ. "ಭಾವ, ನೀವು ಬಣ್ಣ ಆರಿಸೋದ್ರೊಳಗೆ ಮೀನಿಗೆ ಮೊಮ್ಮಕ್ಕಳಾಗಿರ್ತವೆ" ಎಂದು ಮನೆಯವರೆದುರೇ ಹೀಯಾಳಿಸಿದ. ಭಾನುವಾರ ಯಾರ ಮೀನು ದೊಡ್ಡದೋ ನೋಡೇಬಿಡೋಣ ಎಂದಾಯಿತು. ನನಗೆ ಶನಿವಾರ ಸಂಜೆಯವರೆಗೂ ಗ್ಯಾರೇಜು. ಅವನೇ ಕೆರೆಯ ದಾರಿಯಲ್ಲಿ ಬರುವಾಗ ಒಂದು ಸೀಸೆ ನೀರು ತುಂಬಿ ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೋದ.

ಬೆಳಿಗ್ಗೆ ಆ ಸೀಸೆಯನ್ನೇ ಎತ್ತಿಕೊಂಡು ಅಂಗಡಿಗೆ ಹೋದೆ. ಸೀಸೆಯಣ್ಣ ಮುಚ್ಚಳ ತೆಗೆದು ಮೂಸಿದ. ಇನ್ನೊಮ್ಮೆ ಮೂಸಿದ. ಅಲ್ಲಾಡಿಸಿ ಕಿಟಕಿಯ ಬೆಳಕಿಗೆ ಹಿಡಿದ. ಸ್ಫಟಿಕದಂಥ ತಿಳಿ ನೀರು.

"ಇದು ಕೆರೆ ನೀರಾ ಪೇಂಟ್ರೇ?"

"ಮತ್ತೇನು, ಬಚ್ಚಲ ನೀರಾ?"

"ಮೊನ್ನೆ ಮಳೆ ಬಂದಿತ್ತಲ್ಲ, ಅದಕ್ಕೆ ಕೇಳ್ದೆ. ಮನೇಲಿ ಯಾರಾದ್ರೂ ಸೀಸೆ ಮುಟ್ಟಿದ್ರಾ?"

"ನನ್ನ ಮನೆ ಸುದ್ದಿ ನಿಮಗ್ಯಾಕ್ರೀ? ಹೊತ್ತಾಯ್ತು, ತಿಳಿ ನೀರಿಗೆ ಏನು ಕೊಡ್ತೀರೋ ಅದನ್ನ ಕೊಡಿ."

ಯಜಮಾನಮ್ಮ ಗಲ್ಲಾದಿಂದ ಕತ್ತೆತ್ತಿ ನೋಡಿದಳು. ಅವನು ಬೆಳ್ಳಿ ಹೊಟ್ಟೆಯ ಸಣ್ಣ ಲೂರ್ ಇಳಿಸಿದ. ಆಮೇಲೆ ತನ್ನ ಅಂಗಿಯ ಜೇಬಿನಿಂದ ಕಾಗದದಲ್ಲಿ ಸುತ್ತಿದ್ದ ಇನ್ನೊಂದನ್ನು ತೆಗೆದು ನನ್ನ ಕೈಗಿಟ್ಟ. "ಇದು ಅಂಗಡೀದಲ್ಲ, ನಂದು. ನೀರು ಬೇರೆ ತರ ಇದ್ರೆ ಹಾಕಿ. ವಾಪಸ್ ತಂದ್ಕೊಡಿ." ನಾನು ಬಿಚ್ಚಿ ಕೂಡ ನೋಡದೆ ಗಾಡಿಯ ಡಬ್ಬಿಗೆ ಎಸೆದೆ, ಅಲ್ಲಿಗೇ ಮರೆತೆ.

ಕೆರೆಗೆ ಹೋದರೆ ನೀರು ಕೆಂಪು ಮಣ್ಣು ಕದಡಿದ ಚಹಾದಂತಿತ್ತು. ಮೊಣಕಾಲುದ್ದ ಇಳಿದರೆ ಪಾದ ಕಾಣುತ್ತಿರಲಿಲ್ಲ. ನನ್ನ ಬೆಳ್ಳಿ ಲೂರ್ ಆ ಕೆಸರಿನಲ್ಲಿ ಎಲ್ಲಿ ಹೋಯಿತೆಂದು ನನಗೇ ತಿಳಿಯದು, ಇನ್ನು ಮೀನಿಗೇನು ತಿಳಿದೀತು! ಬಾಮೈದ ಎರಡು ಕಿಲೋದ್ದು ಎಳೆದ. ದಾರಿಯುದ್ದಕ್ಕೂ ಅದರ ಬಾಯಿ ತೆರೆದು ಮುಚ್ಚಿ, "ಏನಂದೆ ಮೀನಪ್ಪ? ಭಾವನ್ನ ಕೇಳ್ದೆ ಅಂತ ಹೇಳ್ಬೇಕಾ?" ಎಂದು ಆಡಿಸಿದ. ನನ್ನ ತಲೆಯೊಳಗೆ ಒಂದೇ ಲೆಕ್ಕ ಓಡುತ್ತಿತ್ತು: ರಾತ್ರಿಯಿಡೀ ಕಟ್ಟೆಯ ಮೇಲೆ ನಿಂತ ಸೀಸೆಯಲ್ಲಿ ಮಣ್ಣು ತಳ ಸೇರಿರುತ್ತದೆ, ಆ ಮನುಷ್ಯ ಸರಿಯಾಗಿ ಕಲಕಲಿಲ್ಲ.

ಸೀದಾ ಅಂಗಡಿಗೆ ನುಗ್ಗಿದೆ. ಏಳೆಂಟು ಗಿರಾಕಿಗಳಿದ್ದರು.

"ಮೂವತ್ತು ವರ್ಷ ನೀರು ಕಲಕಿದವರಂತೆ! ಮಣ್ಣು ತಳಕ್ಕೆ ಕೂರತ್ತೆ ಅಂತ ಗೊತ್ತಿಲ್ವೇನ್ರೀ? ಡಬ್ಬಿ ಕಲಕದೆ ಬಣ್ಣ ಹೊಡೆದ್ರೆ ನಮ್ಮ ಗ್ಯಾರೇಜಲ್ಲಿ ಕತ್ತು ಹಿಡಿದು ಆಚೆ ತಳ್ತಾರೆ! ಇಂಥವರು ಕುಡಿಸಿದ ನೀರು ಕುಡಿದೂ ಊರು ಬದುಕಿದೆಯಲ್ಲ, ಅದು ದೊಡ್ಡದು!"

ಆ ಕೊನೆಯ ಮಾತು ಬೇಡವಾಗಿತ್ತು. ಬಾಯಿಂದ ಬಿದ್ದಾಗಲೇ ಗೊತ್ತಾಯಿತು. ಸೀಸೆಯಣ್ಣ ನನ್ನ ಮುಖ ನೋಡಿದ, ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. "ತಪ್ಪಾಯ್ತು ಪೇಂಟ್ರೇ" ಎಂದ. ಮುಂದಿನ ಭಾನುವಾರ ಕಿಟಕಿಯಲ್ಲಿ ಜಾಡಿ ಇರಲಿಲ್ಲ, ಅವನೂ ಇರಲಿಲ್ಲ. ಅವನ ಜಾಗದಲ್ಲಿ ಯಜಮಾನಮ್ಮನ ಅಕ್ಕನ ಮಗಳು ನಿಂತು, ಕೇಳಿದವರಿಗೆ ಕೇಳಿದ್ದನ್ನು ಕೊಡುತ್ತಿದ್ದಳು.

ಈ ಕಥೆಯನ್ನು ಮೂರು ತಿಂಗಳು ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತ ಬಾಮೈದನಿಗೆ ಮತ್ತೊಮ್ಮೆ ಶುರುಮಾಡಿದಾಗ ನನ್ನ ಹೆಂಡತಿ ಕೈಯಲ್ಲಿದ್ದ ಪಾತ್ರೆಯನ್ನು ದಢಾರನೆ ಕೆಳಗಿಟ್ಟಳು.

"ಸಾಕು ಮಾಡ್ರೀ. ಆ ಸೀಸೆ ತೊಳೆದಿದ್ದು ನಾನು."

"ಏನು?"

"ಕಟ್ಟೆ ಮೇಲೆ ಕೆಸರು ನೀರು ಇತ್ತು. ಗಲೀಜು ಅಂತ ಚೆಲ್ಲಿ, ತೊಳೆದು, ನಲ್ಲಿ ನೀರು ತುಂಬಿಟ್ಟೆ. ನೀವು ಕುಡಿಯೋಕೆ ತಗೊಂಡು ಹೋಗ್ತೀರಿ ಅಂದ್ಕೊಂಡೆ."

ನಾನು ಕೂಗಾಡಲಿಲ್ಲ ಎಂದು ಇಲ್ಲಿ ಬರೆಯಬೇಕೆಂದು ಬಹಳ ಆಸೆ. ಕೂಗಾಡಿದೆ. ತಟ್ಟೆ ತಳ್ಳಿದೆ. ಮೂರು ತಿಂಗಳು ಯಾಕೆ ಬಾಯಿ ಹೊಲಿದುಕೊಂಡಿದ್ದೆ ಎಂದು ಬೀದಿಗೆ ಕೇಳುವಂತೆ ಅರಚಿದೆ. "ಇದಕ್ಕೇ" ಎಂದಳು ಅವಳು, ಅಷ್ಟೇ. ಬಾಮೈದ ಮೊದಲ ಸಲ ಯಾವ ಜೋಕೂ ಹೊಡೆಯದೆ ಎದ್ದುಹೋದ.

ಗಾಡಿಯ ಡಬ್ಬಿಯಲ್ಲಿ ಹುಡುಕಿ ಆ ಕಾಗದದ ಪೊಟ್ಟಣ ಬಿಚ್ಚಿದೆ. ಕೈಯಿಂದ ಕೆತ್ತಿದ ಮರದ ಲೂರ್. ಮೈತುಂಬ ಮೀನಿನ ಹಲ್ಲಿನ ಹಳೆಯ ಗೀರು, ಬಾಲದಲ್ಲಿ ಹಿತ್ತಾಳೆಯ ತಗಡು. ಕಪ್ಪು. ಓರೆ ಮಾಡಿದರೆ ಅದರೊಳಗಿಂದ ನೀಲಿ ಇಣುಕುವಂಥ ಕಪ್ಪು. ಅದನ್ನು ಹಿಡಿದು ಅವನ ಮನೆಗೆ ಹೋದೆ. ಮುಂದೆ ಒಂದು ಸಣ್ಣ ಕೋಣೆ, ಅದರ ಕಿಟಕಿಯಲ್ಲಿ ಅದೇ ಜಾಡಿ, ಅದರಲ್ಲಿ ಬರೀ ನೀರು. ಅವನು ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಒಳಗಿನಿಂದ ಅವನ ಹೆಂಡತಿ ನನ್ನನ್ನು ನೋಡಿ, "ಯಾರಾದ್ರೂ ಬಂದ್ರಲ್ಲ ಸದ್ಯ! ಬೆಳಗಿಂದ ಆ ನೀರನ್ನೇ ನೋಡ್ತಾ ಕೂತಿದ್ದಾರೆ" ಎಂದಳು.

ನಡೆದದ್ದನ್ನೆಲ್ಲ ಒದರಿದೆ. ಅವನು ತಲೆ ಆಡಿಸಿದ.

"ಗೊತ್ತಿತ್ತು. ಮುಚ್ಚಳ ತೆಗೆದ ತಕ್ಷಣ ಕ್ಲೋರಿನ್ ಹೊಡೀತು ಮೂಗಿಗೆ. ನಮ್ಮ ಘಟಕದ ನೀರೇ."

"ಮತ್ತೆ ಆವತ್ತು ಅಷ್ಟು ಜನರ ಮುಂದೆ ಯಾಕ್ರೀ ಹೇಳ್ಲಿಲ್ಲ? ಒಂದು ಮಾತು! ನಾನು ಅಲ್ಲೇ ತೆಪ್ಪಗಾಗ್ತಿದ್ದೆ, ನಿಮ್ಮ ಕೆಲಸ ಉಳೀತಿತ್ತು!"

"ಅಲ್ಲಿ ತೆಪ್ಪಗಾಗಿ ಆಮೇಲೆ ಮನೆಗೆ ಹೋಗ್ತಿದ್ರಲ್ಲ ಪೇಂಟ್ರೇ. ಆ ಸಿಟ್ಟು ಹೊತ್ಕೊಂಡು ಯಾರ ಮೇಲೆ ಇಳಿಸ್ತಿದ್ರಿ?"

ಬೆಳಿಗ್ಗೆ ತಾನೇ ತಳ್ಳಿದ ತಟ್ಟೆ ಕಣ್ಣಮುಂದೆ ಬಂತು. ನನ್ನ ಸಿಟ್ಟು ಇದೇ: ಇವನಾರು ನನ್ನ ಮನೆಯ ವಿಷಯ ಊಹಿಸಲು? ಊಹಿಸಿದನಲ್ಲ, ಒಂದಿಷ್ಟಾದರೂ ತಪ್ಪಾಗಿ ಊಹಿಸಬಾರದಿತ್ತೇ?

ಮರುದಿನ ಯಜಮಾನಮ್ಮನ ಹತ್ತಿರ ಹೋಗಿ ತಪ್ಪು ನನ್ನದೆಂದು ಹೇಳಿದೆ. "ಪಾಪ, ಒಳ್ಳೆ ಮನುಷ್ಯ. ಆದ್ರೆ ಈ ಹುಡುಗಿಯನ್ನ ಈಗ ಹೇಗೆ ಬಿಡಿಸ್ಲಿ ಹೇಳಿ?" ಎಂದಳು. ನಾನು ದನಿ ಎತ್ತಲಿಲ್ಲ. ಎತ್ತಿ ಪ್ರಯೋಜನವೂ ಇರಲಿಲ್ಲ.

ಕಪ್ಪು ಲೂರನ್ನು ಅವನು ಆವತ್ತು ವಾಪಸ್ ತೆಗೆದುಕೊಳ್ಳಲಿಲ್ಲ. "ಮೀನು ಹಿಡೀದೆ ತಂದ್ರೆ ಹೇಗೆ? ಒಮ್ಮೆ ನೀರಿಗೆ ಹಾಕಿ, ಆಮೇಲೆ ತನ್ನಿ" ಎಂದ. ಮುಂದಿನ ಮಳೆಗೆ ಕೆರೆ ಕೆಂಪಾದಾಗ ಹಾಕಿದೆ. ಮೂರನೆಯ ಎಸೆತಕ್ಕೇ ಕೋಲು ಬಿಲ್ಲಿನಂತೆ ಬಾಗಿತು. ಅಂಥ ಮೀನನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ಅವತ್ತೂ ಪೂರ್ತಿ ಕಾಣಲಿಲ್ಲ. ಬಾಲ ಒಮ್ಮೆ ಮೇಲೆ ಬಂತು, ದಾರ ಪಟ್ಟನೆ ಹರಿಯಿತು. ಲೂರ್ ಅದರ ಬಾಯಲ್ಲೇ ಹೋಯಿತು.

ತಲೆ ತಗ್ಗಿಸಿಕೊಂಡು ಹೋಗಿ ಹೇಳಿದರೆ ಸೀಸೆಯಣ್ಣ ಕೇಳಿದ್ದು ಒಂದೇ: "ನೀರು ಎಂಥಾದ್ದಿತ್ತು?"

"ಕೆಂಪು ಕೆಸರು."

"ಹಾಂ" ಎಂದ, ಬಹಳ ತೃಪ್ತಿಯಿಂದ.

"ಅಂಥದ್ದೇ ಒಂದು ನಾನು ಮಾಡ್ಕೊಡ್ತೀನಿ. ಬಣ್ಣ ನನ್ನ ಕಸುಬು."

"ಮಾಡ್ಕೊಡಿ. ಆದ್ರೆ ಅದೇ ಕಪ್ಪು ಆಗ್ಬೇಕು."

ಇದು ನಡೆದು ಎರಡು ವರ್ಷವಾಯಿತು. ಊರಿನ ಯಾವ ಕಾರಿನ ಬಣ್ಣವನ್ನೂ ಒಂದೇ ಸಲಕ್ಕೆ ಹೊಂದಿಸುವ ನಾನು ಹನ್ನೊಂದು ಲೂರ್ ಕೆತ್ತಿ, ಬಣ್ಣ ಹೊಡೆದು, ಭಾನುವಾರ ಭಾನುವಾರ ಅವನ ಮನೆಗೆ ಒಯ್ದಿದ್ದೇನೆ. ಜೊತೆಗೆ ಕೆರೆಯ ನೀರೂ ಬೇಕು. ಅದನ್ನು ಈಗ ನನ್ನ ಹೆಂಡತಿಯೇ ನೆನಪಿಸಿ ಕೈಗೆ ಕೊಡುತ್ತಾಳೆ, "ತೊಳೆದಿಲ್ಲ, ನೋಡ್ಕೊಳ್ಳಿ" ಎಂದು ಚುಚ್ಚಿಯೇ. ನನ್ನ ಕೋಪ ಹೋಗಿದೆ ಎಂದು ಹೇಳಲಾರೆ. ಅವಳು ಚುಚ್ಚುವಷ್ಟು ಧೈರ್ಯ ಮಾಡಿದ್ದಾಳೆ, ಅಷ್ಟೇ.

ಅವನು ಲೂರನ್ನು ಜಾಡಿಯಲ್ಲಿ ಇಳಿಬಿಟ್ಟು, ಬಗ್ಗಿ, ಒಂದು ಕಣ್ಣು ಮುಚ್ಚುತ್ತಾನೆ. ನಾನು ಉಸಿರು ಹಿಡಿದು ನಿಲ್ಲುತ್ತೇನೆ.

"ಹತ್ರ ಬಂದಿದೆ ಪೇಂಟ್ರೇ. ನೀಲಿ ಇನ್ನೊಂದು ಚೂರು ಬೇಕು."

"ಸಾಕು ತಗೊಳ್ರೀ, ಪಾಪ ಎಷ್ಟು ಸಲ ಅಲೆಸ್ತೀರಿ" ಎಂದು ಒಳಗಿನಿಂದ ಅವನ ಹೆಂಡತಿ.

"ನೀನು ಸುಮ್ನಿರೇ. ನನಗೆ ಬರಬೇಕಾಗಿರೋದು ಆ ಕಪ್ಪು, ಇದು ಆ ಕಪ್ಪಲ್ಲ."

ಹನ್ನೆರಡನೆಯದು ಈಗ ಗ್ಯಾರೇಜಿನ ತಂತಿಯಲ್ಲಿ ಒಣಗುತ್ತಿದೆ. ಈ ಸಲ ನೀಲಿ ಹೆಚ್ಚಾಗಿದೆ. ಅದು ನನಗೇ ಗೊತ್ತು. ಭಾನುವಾರ ಹಾಗೇ ಒಯ್ಯುತ್ತೇನೆ.