ಗೀರು ತಿಳಿಯದ ಉಗುರು

ಹಲಸೂರು ಕೆರೆಯ ಹಿಂದಿನ ಗಲ್ಲಿಯ ಒಂದು ಗ್ಯಾರೇಜಿನಲ್ಲಿ ನಾನು ಹದಿನೆಂಟು ವರ್ಷ ಕಾರುಗಳಿಗೆ ಪಾಲಿಶ್ ಮಾಡಿದೆ. ಯಾದಗಿರಿ ಕಡೆಯಿಂದ ಬಂದಾಗ ಯಾವ ಕೆಲಸವೂ ಗೊತ್ತಿರಲಿಲ್ಲ, ಇದನ್ನು ಇಲ್ಲೇ ಕಲಿತೆ. ಕಾರಿನ ಮೈಮೇಲೆ ಗೀರು ಕಂಡರೆ ಮೊದಲು ಅದಕ್ಕೆ ಅಡ್ಡವಾಗಿ ಉಗುರು ಎಳೆಯಬೇಕು. ಉಗುರು ಸಲೀಸಾಗಿ ಜಾರಿದರೆ ಉಜ್ಜಿ ತೆಗೆಯಬಹುದು. ತಡೆದರೆ ಗೀರು ಆಳಕ್ಕೆ ಇಳಿದಿದೆ ಎಂದರ್ಥ, ಉಜ್ಜಲು ಹೋಗಬಾರದು.

ಮೂರು ವರ್ಷದ ಹಿಂದೆ ನನ್ನ ಬಲಗೈ ಬೆರಳುಗಳು ಜೋಮು ಹಿಡಿಯತೊಡಗಿದವು. ಪಾಲಿಶ್ ಮಷೀನು ದಿನವಿಡೀ ಕೈಯಲ್ಲಿ ನಡುಗುತ್ತಿರುತ್ತದೆ, ಸಂಜೆಗೆ ಜೋಮು ಎಲ್ಲರಿಗೂ ಇದ್ದದ್ದೇ. ನನ್ನದು ಬೆಳಗಾದರೂ ಬಿಡಲಿಲ್ಲ, ಬರಬರುತ್ತಾ ಅಂಗೈಗೂ ಹಬ್ಬಿತು. ಚಹಾ ಲೋಟ ಬಿಸಿಯೋ ತಣ್ಣಗೋ ತಿಳಿಯದಂತಾಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮಷೀನು ಬೇರೆಯವರ ಕೈಗೆ ಹೋಗುತ್ತದೆಂಬ ಭಯ. ಕಣ್ಣಂದಾಜಿನಲ್ಲೇ ಕೆಲಸ ಸಾಗಿಸಿದೆ.

ಜೀವನ್ ಬಿಮಾ ನಗರದ ಒಬ್ಬ ಹಿರಿಯರು ಪ್ರತಿ ವರ್ಷ ಕಾರು ತರುತ್ತಿದ್ದರು. ವಿಮಾನದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತರಾದವರು. ಕಡುಗೆಂಪು ಬಣ್ಣದ ಹಳೆಯ ಕಾರು, ಕಂಪನಿಯಿಂದ ಬಂದಾಗಿನ ಬಣ್ಣವೇ ಇನ್ನೂ ಅದರ ಮೇಲಿತ್ತು. ಅದನ್ನು ನನ್ನ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಒಳಗೊಳಗೇ ನನಗೊಂದು ಹೆಮ್ಮೆ. ಆದರೆ ಪಾಲಿಶ್ ಅಂದರೆ ಬಣ್ಣವನ್ನು ಕೂದಲೆಳೆಯಷ್ಟು ತೆಗೆಯುವುದು. ಹನ್ನೊಂದು ವರ್ಷ ಮಿಂಚಿಸಿ ಮಿಂಚಿಸಿ ಆ ಬಣ್ಣವನ್ನು ತೆಳುವಾಗಿಸಿದವನೂ ನಾನೇ.

ಹೋದ ವರ್ಷ ಬಂದಾಗ ಬಾನೆಟ್ಟಿನ ಮೇಲೆ ಒಂದು ಉದ್ದನೆಯ ಗೀರಿತ್ತು.

"ಮರದ ಕೊಂಬೆ ಬಿತ್ತು ಕಣ್ರೀ," ಅಂದರು. "ಇದು ಹೋಗುತ್ತಾ? ಹೋಗಲ್ಲ ಅಂದ್ರೆ ಹಾಗೇ ಬಿಟ್ಬಿಡಿ. ಪೇಂಟ್ ಮಾತ್ರ ಬೇಡ."

ಉಗುರು ಎಳೆದೆ. ಏನೂ ತಡೆದಂತೆ ಅನಿಸಲಿಲ್ಲ. ಅನಿಸುವ ಬೆರಳೇ ಅಲ್ಲ ಅದು ಎಂದು ಗೊತ್ತಿದ್ದೂ, "ಹೋಗುತ್ತೆ ಸರ್," ಅಂದುಬಿಟ್ಟೆ.

ಅವರು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಎಷ್ಟು ಉಜ್ಜಿದರೂ ಗೀರು ಮಾಯವಾಗಲಿಲ್ಲ. ಇನ್ನೊಂದು ಸುತ್ತು, ಮತ್ತೊಂದು ಸುತ್ತು. ನಡುನಡುವೆ ತಗಡಿನ ಮೇಲೆ ಅಂಗೈ ಇಟ್ಟು ಬಿಸಿ ನೋಡಬೇಕು. ಇಟ್ಟೆ, ಏನೂ ತಿಳಿಯಲಿಲ್ಲ. ಸುಟ್ಟ ವಾಸನೆ ಮೂಗಿಗೆ ಬಡಿದಾಗ ಮಷೀನು ಎತ್ತಿದೆ. ಕೆಂಪಿನ ನಡುವೆ ಅಂಗೈಯಗಲದ ಬೂದು ಕಲೆ. ಅದು ಬಣ್ಣದ ಅಡಿಯ ಪ್ರೈಮರು.

ಹಿರಿಯರು ಎದ್ದು ಬಂದರು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಬಾನೆಟ್ಟಿನ ಮೇಲೆ ಕೈ ಇಟ್ಟವರು ತಟಕ್ಕನೆ ಹಿಂದೆಗೆದರು. ಆಮೇಲೆ ನನ್ನ ಬಲಗೈ ಹಿಡಿದು ಅಂಗಾತ ತಿರುಗಿಸಿದರು. ಅಂಗೈ ಕೆಂಪಗೆ ಬೆಂದಿತ್ತು.

ಕಾರಿನ ಕೀಲಿಯ ತುದಿಯನ್ನು ನನ್ನ ಒಂದೊಂದೇ ಬೆರಳಿಗೆ ಒತ್ತಿದರು. "ಗೊತ್ತಾಗ್ತಿದ್ಯಾ?"

"ಇಲ್ಲ ಸರ್."

"ಇದು?"

"ಇಲ್ಲ."

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು."

ಶಿವಾಜಿನಗರದವರಾದ ನಮ್ಮ ಯಜಮಾನರು ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. "ಕ್ಯಾ ಭಾಯ್, ಎರಡು ವರ್ಷದಿಂದ ಕುರುಡು ಕೈಯಲ್ಲಿ ಕೆಲಸ ಮಾಡ್ತಿದ್ದೀಯಾ?" ಅಂದರು. ದನಿ ಏರಿಸಲಿಲ್ಲ.

ಹಿರಿಯರು ನನ್ನ ಕೈ ಬಿಟ್ಟರು. "ನೀವು ಒಂದು ಮಾತು ಹೇಳ್ಬಹುದಿತ್ತು," ಅಂದರು. ಅಷ್ಟೇ.

ಬಾನೆಟ್ಟಿಗೆ ಹೊಸ ಬಣ್ಣ ಹೊಡೆಸಬೇಕಾಯಿತು. ಎಷ್ಟು ಹದ ಮಾಡಿದರೂ ಹಳೆಯ ಕೆಂಪಿಗೆ ಹೊಂದಲಿಲ್ಲ. ಬಿಸಿಲಿಗೆ ನಿಲ್ಲಿಸಿದರೆ ಬೇರೆ ಯಾವುದೋ ಕಾರಿನ ಬಾನೆಟ್ಟು ತಂದು ಸಿಕ್ಕಿಸಿದಂತೆ ಕಾಣುತ್ತಿತ್ತು. ಕಾರು ಒಯ್ಯಲು ಬಂದ ದಿನ ಅವರು ನನ್ನತ್ತ ನೋಡಲಿಲ್ಲ. ಈ ವರ್ಷ ಬರಲೇ ಇಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಬೆರಳುಗಳನ್ನು ಚುಚ್ಚಿ ನೋಡಿ, ನರಗಳು ಸತ್ತಿವೆ, ಮೊದಲೇ ಮಷೀನು ಬಿಟ್ಟಿದ್ದರೆ ಇಷ್ಟು ಕೆಡುತ್ತಿರಲಿಲ್ಲ ಅಂದರು. ತಿರುಗಿ ಬರುತ್ತದೆಯೇ ಎಂದು ಕೇಳಿದೆ. ಅವರು ಮಾತ್ರೆ ಬರೆಯುತ್ತಾ, "ಆಸೆ ಇಟ್ಕೋಬೇಡಿ," ಅಂದರು.

ಕೆ.ಆರ್. ಪುರದ ನಮ್ಮ ಬಾಡಿಗೆ ಕೋಣೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಎರಡು ವರ್ಷ ನನ್ನ ಮಗ್ಗಲಕ್ಕ ಮಲಗೀರಿ. ನನಗೂ ಹೇಳಬಾರದಿತ್ತೇನ್ರಿ?"

ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು.

ಯಜಮಾನರು ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ, ಕಾರು ತೊಳೆಯಲು ಹಾಕಿದರು. ಪೈಪು ಹಿಡಿದು ನಿಲ್ಲುತ್ತೇನೆ. ನೀರು ಸುರಿಯುವುದು ಕಾಣುತ್ತದೆ, ಕೇಳುತ್ತದೆ. ತೋಳಿನ ಮೇಲೆ ಸಿಡಿದಾಗಲಷ್ಟೇ ಅದು ತಣ್ಣಗಿದೆಯೆಂದು ಗೊತ್ತಾಗುತ್ತದೆ. ಈಚೆಗೆ ಎಡಗೈ ಕಿರುಬೆರಳೂ ಜೋಮು ಹಿಡಿಯುತ್ತಿದೆ.